ಹದಿನೇಳೂವರೆ ಸಾವಿರದ ಟೀ ಡಿಕಾಕ್ಷನ್

ಹಳೇ ಪುಸ್ತಕ, ಹಳೇ ನಾಣ್ಯ, ಓಲೆಗರಿ, ತಾಮ್ರದ ಸಾಮಾನು ಕೂಡಿಡುವ ಚಟ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವನು. ಗದ್ಯಭಾಗ ಕೊಟ್ಟು "ಲೇಖಕರು ಹೇಳಿದ್ದೇನು, ನೀವು ಊಹಿಸಿದ್ದೇನು, ಬೇರೆ ಬೇರೆ ಬರೆಯಿರಿ" ಅಂತ ಮಕ್ಕಳ ತಲೆ ತಿಂದವನು. ಅಂಥವನು ಆರು ಸಾಲಿನ ಒಂದು ಜಾಹೀರಾತು ಓದಲು ಬಾರದೆ ಹದಿನೇಳೂವರೆ ಸಾವಿರ ರೂಪಾಯಿ ಕಳೆದುಕೊಂಡೆ.

ವಾಟ್ಸಾಪ್ ಗುಂಪೊಂದರಲ್ಲಿ ಬಂದ ಜಾಹೀರಾತು ಹೀಗಿತ್ತು. ಅಕ್ಷರ ಬಿಡದೆ ಇಲ್ಲಿ ಇಡುತ್ತೇನೆ:

"ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟು. ಮಂಗಳೂರು, ಬಾಸೆಲ್ ಮಿಷನ್, 1894. ಅಪರೂಪದ ಪ್ರತಿ. ಹಳೇ ಮನೆತನದ ಸಂಗ್ರಹದಿಂದ. ಕಾಗದಕ್ಕೆ ಕಂದು ಬಣ್ಣ ಬಂದಿದೆ, ಅಲ್ಲಲ್ಲಿ ಹುಳುವಿನ ತೂತು. ಇದ್ದದ್ದು ಇದ್ದ ಹಾಗೆ. ವಾಪಸಿಲ್ಲ. 22,000."

ಕನ್ನಡದವರಿಗೆ ಕಿಟೆಲ್ ಯಾರು ಅಂತ ಹೇಳಬೇಕಿಲ್ಲ. ಬೆಂಗಳೂರಿನ ಮೇಯೋ ಹಾಲ್ ಹತ್ತಿರ ಪ್ರತಿಮೆಯಾಗಿ ನಿಂತಿದ್ದಾರಲ್ಲ, ಅವರೇ. ಅವರ ನಿಘಂಟು ಅಂದರೆ ಸಾವಿರದ ಏಳುನೂರ ಐವತ್ತೆರಡು ಪುಟ, ಎಪ್ಪತ್ತು ಸಾವಿರದಷ್ಟು ಪದ. ಶಾಲೆಯಲ್ಲಿದ್ದಾಗ ನಾನು ಬಳಸುತ್ತಿದ್ದದ್ದು ಮರಿಯಪ್ಪ ಭಟ್ಟರು ಪರಿಷ್ಕರಿಸಿ ಮದರಾಸು ವಿಶ್ವವಿದ್ಯಾಲಯ ತಂದ ಸಂಪುಟಗಳನ್ನು. ಕೆಲಸಕ್ಕೆ ಅದೇ ಹೆಚ್ಚು ಅನುಕೂಲ. ಆದರೂ 1894ರದ್ದೊಂದು ಪ್ರತಿ ಮನೆಯಲ್ಲಿರಬೇಕು ಅನ್ನುವುದು ಹಳೇ ಆಸೆ. ಅದೇ ತಿಂಗಳು ಪಿಂಚಣಿಯ ಬಾಕಿ ಬಂದಿತ್ತು. ಹೆಂಡತಿ ಮಿಕ್ಸಿ ಕೇಳಿದ್ದಳು. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಮಾರುವವನಿಗೆ ಫೋನ್ ಮಾಡಿದೆ. ಬಹಳ ವಿನಯದ ದನಿ. "ನಿಮ್ಮಂಥ ಮೇಷ್ಟ್ರ ಕೈಗೆ ಹೋದ್ರೆ ಪುಸ್ತಕಕ್ಕೂ ಪುಣ್ಯ ಸಾರ್" ಅಂದ. ನಾಲ್ಕು ಫೋಟೋ ಕಳಿಸಿದ: ರಟ್ಟು, ಶೀರ್ಷಿಕೆ ಪುಟ, ನಡುವಿನ ಒಂದು ಪುಟ, ಹುಳು ತಿಂದ ಒಂದು ಮೂಲೆ. ಶೀರ್ಷಿಕೆ ಪುಟದಲ್ಲಿ ಸ್ಪಷ್ಟವಾಗಿ 1894 ಅಂತಲೇ ಇತ್ತು. ಇನ್ನೂ ನಾಲ್ಕು ಪುಟದ ಫೋಟೋ ಬೇಕು ಅಂದದ್ದಕ್ಕೆ, "ಜಾಸ್ತಿ ಬಿಡಿಸಿದ್ರೆ ಬೆನ್ನು ಬಿಟ್ಟುಹೋಗುತ್ತೆ ಸಾರ್, ನೂರು ವರ್ಷದ ಪುಸ್ತಕ ಅಲ್ವಾ" ಅಂದ. ಪುಸ್ತಕದ ಮೇಲೆ ಇವನಿಗೆ ಎಷ್ಟು ಕಾಳಜಿ ಅಂತ ಮೆಚ್ಚಿಕೊಂಡೆ. ನೋಡಿ, ಅಂದು ಆ ಫೋನಿನಲ್ಲೂ ಅವನು ಇದು ಮೂಲ ಮುದ್ರಣ ಅಂತ ಒಮ್ಮೆಯೂ ಹೇಳಲಿಲ್ಲ. "ನೂರು ವರ್ಷದ ಪುಸ್ತಕ ಅಲ್ವಾ" ಅಂದ. ಪುಸ್ತಕಕ್ಕೆ ನೂರು ವರ್ಷ ಆಗಿತ್ತು ನಿಜ. ಆ ಪ್ರತಿಗೆ ಆಗಿರಲಿಲ್ಲ, ಅಷ್ಟೆ.

ಬಿಲ್ ಕೇಳಿದೆ. "ಆ್ಯಂಟಿಕ್ ಐಟಂ ಸಾರ್, ಬಿಲ್ ಹಾಕಿದ್ರೆ ಸರ್ಕಾರದ ಕಾಟ" ಅಂದ. ಇಲ್ಲಿಯಾದರೂ ನನಗೆ ಎಚ್ಚರ ಆಗಬೇಕಿತ್ತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಸಾಹಿತ್ಯದ ಅಥವಾ ಚರಿತ್ರೆಯ ಮಹತ್ವವುಳ್ಳ ಹಸ್ತಪ್ರತಿ, ದಾಖಲೆಗಳಿಗಾದರೆ ಎಪ್ಪತ್ತೈದೇ ವರ್ಷ ಸಾಕು. ಖಾಸಗಿಯವರು ಅವನ್ನು ದೇಶದಾಚೆಗೆ ಕಳಿಸುವಂತೆಯೇ ಇಲ್ಲ. ಕಾನೂನಿಗೆ ತಕ್ಕಂತೆ ವ್ಯಾಪಾರ ಮಾಡುವವನು ಲೆಕ್ಕ ಇಡುತ್ತಾನೆ. ವಸ್ತು ಹಳೆಯದು, ಅದಕ್ಕೇ ಬಿಲ್ ಇಲ್ಲ ಅನ್ನುವುದು ತಲೆಕೆಳಗಾದ ಮಾತು.

ಇನ್ನೂ ಒಂದನ್ನು ಕಂಡೂ ಕಾಣದ ಹಾಗೆ ಬಿಟ್ಟಿದ್ದೆ. ಅದೇ ಮನುಷ್ಯ ಅದೇ ವಾಟ್ಸಾಪ್ ಗುಂಪಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ 1818ರ ರಾಮದರ್ಬಾರ್ ನಾಣ್ಯ ಮಾರುತ್ತಿದ್ದ. ಒಂದು ಕಡೆ ಕಂಪನಿಯ ಹೆಸರು, ಇನ್ನೊಂದು ಕಡೆ ಸೀತಾರಾಮ ಲಕ್ಷ್ಮಣ ಹನುಮಂತ. ಕಂಪನಿ ಸರ್ಕಾರ ಅಂಥ ನಾಣ್ಯ ಹೊರಡಿಸಿಯೇ ಇಲ್ಲ. ತೀರ್ಥಕ್ಷೇತ್ರಗಳ ಅಂಗಡಿಯಲ್ಲಿ ಸಿಗುವ ಬಿಲ್ಲೆ ಅದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ "ನಾಣ್ಯದ ವಿಷಯ ಪಾಪ ಅವನಿಗೆ ತಿಳಿಯದು, ಪುಸ್ತಕದ ವಿಷಯದಲ್ಲಿ ನಂಬಿಗಸ್ತ" ಅಂತ ಅವನ ಪರವಾಗಿ ನಾನೇ ವಾದಿಸಿಕೊಂಡೆ. ಅಕ್ಕಿ ಕಾಳನ್ನು ತನ್ನತ್ತ ಎಳೆಯುವ ಪವಾಡದ ಶಕ್ತಿ ಇದೆ ಅಂತ ನಂಬಿಸಿ ಮಾರುವ ತಾಮ್ರದ ಚೊಂಬಿಗೆ ಲಕ್ಷಗಟ್ಟಲೆ ಸುರಿದವರ ಸುದ್ದಿ ಪೇಪರಿನಲ್ಲಿ ಓದಿ ನಗುತ್ತಿದ್ದೆ. ಈಗ ನಗುವುದಿಲ್ಲ.

ಹದಿನೇಳೂವರೆಗೆ ಇಳಿಸಿದ. ಫೋನ್ ಪೇ ಮಾಡಿದೆ. ಐದನೇ ದಿನ ಪಾರ್ಸೆಲ್ ಬಂತು. ಹಳೇ ಪಂಚೆಯಲ್ಲಿ ಸುತ್ತಿ ಕಳಿಸಿದ್ದ. ಆ ಪಂಚೆ ನೋಡಿಯೇ ನಾನು ಕರಗಿಹೋದೆ.

ಅಂದು ರಾತ್ರಿ ನಾನು ಮಾಡಿದ ಪರೀಕ್ಷೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮೂಲ ಮುದ್ರಣದ ಸ್ಕ್ಯಾನು ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತದೆ. ಮಗಳ ಲ್ಯಾಪ್‌ಟಾಪಿನಲ್ಲಿ ಅದನ್ನು ತೆರೆದು, ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು, ಪುಟಕ್ಕೆ ಪುಟ ತಾಳೆ ನೋಡಿದೆ. ಪದ, ಸಾಲು, ಸಾಲಿನ ಕೊನೆ, ಪುಟದ ಅಂಕಿ, ಎಲ್ಲವೂ ಹೊಂದಿದವು. ಮುರಿದ ಒಂದು ಅಚ್ಚಿನ ಮೊಳೆಯ, ಅಂದರೆ ಸೀಸದ ಅಕ್ಷರದ, ಗುರುತು ಕೂಡ ಅದೇ ಜಾಗದಲ್ಲಿತ್ತು! ಕುಣಿದಾಡಿದೆ. ಹೊಂದದೆ ಇನ್ನೇನು? 1980ರ ದಶಕದಲ್ಲಿ ದೆಹಲಿಯಿಂದ ಬಂದ ಮರುಮುದ್ರಣ ಮೂಲ ಪುಟಗಳ ಫೋಟೋ ತೆಗೆದು ಆಫ್‌ಸೆಟ್ಟಿನಲ್ಲಿ ಅಚ್ಚು ಹಾಕಿದ್ದು. ಫೋಟೋವನ್ನು ಫೋಟೋದ ಜೊತೆ ತಾಳೆ ನೋಡಿ ನಾನು ಸಂತೋಷಪಟ್ಟಿದ್ದೆ. ಆ ಮರುಮುದ್ರಣ ತಂದವರದ್ದು ಒಂದಿಷ್ಟೂ ತಪ್ಪಿಲ್ಲ. ನಮ್ಮಂಥವರಿಗೆ ಕೈಗೆಟುಕುವ ಹಾಗೆ ಮಾಡಿದ ಉಪಕಾರ ಅದು. ಮೋಸ ಇರುವುದು ಆ ಪ್ರತಿಗೆ ವೇಷ ಹಾಕಿದವನದ್ದು.

ನಿಜ ಹೊರಬಿದ್ದದ್ದು ಹದಿನೈದು ದಿನ ಕಳೆದ ಮೇಲೆ. ನಮ್ಮ ಬೀದಿಯ ಕೊನೆಯಲ್ಲಿ ಹಿಂದೆ ಒಂದು ಪ್ರೆಸ್ ಇತ್ತು. ಮದುವೆ ಕಾಗದ, ಕ್ಯಾಲೆಂಡರು, ಪ್ರಶ್ನೆಪತ್ರಿಕೆ ಅಚ್ಚು ಹಾಕುತ್ತಿದ್ದರು. ಅಲ್ಲಿ ನಲವತ್ತು ವರ್ಷ ಮೊಳೆ ಜೋಡಿಸಿದ ಕಂಪೋಸಿಟರ್ ಯಜಮಾನರು ಈಗಲೂ ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಾರೆ. ಹೆಮ್ಮೆಯಿಂದ ಪುಸ್ತಕ ತಂದು ಅವರ ತೊಡೆಯ ಮೇಲಿಟ್ಟೆ. ಅವರಿಗೆ ಕಣ್ಣು ಮಂಜು. ಪುಟ ತೆರೆದವರು ಓದಲಿಲ್ಲ. ಹಾಳೆಯ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದರು. ಇನ್ನೊಂದು ಪುಟ. ಮತ್ತೊಂದು.

"ಮೇಷ್ಟ್ರೆ, ಇದು ಮೊಳೆ ಅಚ್ಚಲ್ಲ."

"ಬಾಸೆಲ್ ಮಿಷನ್ದು ಯಜಮಾನ್ರೆ, 1894."

"ಇರಬಹುದು ಬುದ್ಧಿ. ಆದ್ರೆ ಮೊಳೆ ಕಾಗದಕ್ಕೆ ಕಚ್ಚಿಲ್ಲ."

ಸೀಸದ ಮೊಳೆಯಿಂದ ಒತ್ತಿದ ಅಚ್ಚು ಕಾಗದದಲ್ಲಿ ಸಣ್ಣ ಹಳ್ಳ ಮಾಡುತ್ತದೆ. ಹಾಳೆಯ ಹಿಂದೆ ಬೆರಳಿಗೆ ಅದು ಉಬ್ಬಾಗಿ ತಾಕುತ್ತದೆ. ವರ್ಷಗಟ್ಟಲೆ ರಟ್ಟಿನ ಒತ್ತಡದಲ್ಲಿದ್ದರೆ ಉಬ್ಬು ಕಮ್ಮಿಯಾಗಬಹುದು, ಆದರೆ ಅಷ್ಟು ದಪ್ಪ ಪುಸ್ತಕದಲ್ಲಿ ಕೆಲವು ಪುಟದಲ್ಲಾದರೂ ಸಿಗಬೇಕು. ಆಫ್‌ಸೆಟ್ಟಿನಲ್ಲಿ ಶಾಯಿ ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಳಿಯುವ ಒತ್ತು ಇರುವುದಿಲ್ಲ. ಬೆಳಕನ್ನು ಮೇಲಿನಿಂದ ಬಿಡದೆ ಟಾರ್ಚನ್ನು ಪುಟದ ಅಂಚಿಗೆ ಅಡ್ಡಲಾಗಿ ಹಿಡಿದರೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಯಜಮಾನರಿಗೆ ಟಾರ್ಚೂ ಬೇಕಾಗಲಿಲ್ಲ.

ಆಮೇಲೆ ಅವರು ಶೀರ್ಷಿಕೆ ಪುಟಕ್ಕೆ ಬಂದರು. ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ, "ಈ ಹಾಳೆ ದಪ್ಪ ಐತಲ್ಲ" ಅಂದರು. ಬಲ್ಬಿಗೆ ಅಡ್ಡ ಹಿಡಿದೆವು. 1894ರ ಹಿಂದಿನಿಂದ ಇನ್ನೇನೋ ಇಂಗ್ಲಿಷ್ ಅಕ್ಷರ ಉಲ್ಟಾ ಕಾಣುತ್ತಿದ್ದವು. ಒದ್ದೆ ಬಟ್ಟೆ ಇಟ್ಟು ಕಾದು, ಅಂಚು ಬಿಡಿಸಿದರೆ ಮೈದಾ ಅಂಟು. ಶೀರ್ಷಿಕೆಯ ಬೆನ್ನಿಗೆ, ಯಾವುದೋ ಹಳೇ ಲೆಕ್ಕದ ಪುಸ್ತಕದಿಂದ ಕಿತ್ತ ಖಾಲಿ ಹಾಳೆಯನ್ನು ನೀಟಾಗಿ ಅಂಟಿಸಿದ್ದ. ಅದರ ಕೆಳಗೆ ದೆಹಲಿಯ ವಿಳಾಸ, ಮರುಮುದ್ರಣದ ವಿವರ. ಕೆಲಸ ಬಹಳ ಅಚ್ಚುಕಟ್ಟಾಗಿತ್ತು, ಅದನ್ನು ಒಪ್ಪಲೇಬೇಕು. ಯಜಮಾನರೂ "ಕೈ ಚೆನ್ನಾಗೈತೆ" ಅಂದರು.

ಒಮ್ಮೆ ಅನುಮಾನ ಬಂದ ಮೇಲೆ ಎಲ್ಲವೂ ಸಾಲುಗಟ್ಟಿ ಕಂಡವು. ನಿಜವಾಗಿ ಹಳತಾದ ಕಾಗದ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಕಂದಾಗುತ್ತಾ ಬರುತ್ತದೆ, ನಡುವೆ ತಿಳಿಯಾಗಿರುತ್ತದೆ. ಇದರಲ್ಲಿ ಮೊದಲ ಮೂವತ್ತು ಮತ್ತು ಕೊನೆಯ ಮೂವತ್ತು ಹಾಳೆಗೆ ಮಾತ್ರ ಒಂದೇ ಸಮನೆ ಬಣ್ಣ, ನಡುನಡುವೆ ನೀರು ಒಣಗಿದ ಅಲೆಯಂಥ ಗೆರೆ. ಮೂಗಿನ ಹತ್ತಿರ ತಂದರೆ ಟೀ ಡಿಕಾಕ್ಷನ್ ವಾಸನೆ! ಫೋಟೋದಲ್ಲಿ ವಾಸನೆ ಬರುವುದಿಲ್ಲವಲ್ಲ. ಪುಸ್ತಕದ ಹುಳು ತನಗೆ ತೋಚಿದ ಹಾಗೆ ಕೊರೆಯುತ್ತದೆ, ತೂತು ಪುಟದಿಂದ ಪುಟಕ್ಕೆ ಸೊಟ್ಟಗೆ ಸರಿಯುತ್ತಾ ಹೋಗುತ್ತದೆ. ನನ್ನ ಪುಸ್ತಕದ ಹುಳು ಬಹಳ ಶಿಸ್ತಿನದು. ನೆಟ್ಟಗೆ ಹನ್ನೆರಡು ಹಾಳೆ ಕೊರೆದು ನಿಂತಿತ್ತು, ಅಂಚು ಸುಟ್ಟ ಹಾಗೆ ಕಪ್ಪಗಿತ್ತು. ಕಾಸಿದ ಸೂಜಿ. ಮೂಲೆಯ ದಿನಸಿ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಇದೆ, ಅಲ್ಲಿಗೂ ಹೊತ್ತುಕೊಂಡು ಹೋದೆ. ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸುವುದು ಕಳೆದ ಶತಮಾನದ ನಡುಭಾಗದಿಂದ ಈಚಿನ ರೂಢಿ. ಡಿಕಾಕ್ಷನ್ ತಾಗದ ನಡುವಿನ ಪುಟಗಳು ಆ ದೀಪದಲ್ಲಿ ಉಜಾಲ ಹಾಕಿದ ಪಂಚೆಯ ಹಾಗೆ ನೀಲಿಯಾಗಿ ಹೊಳೆದವು. ಅಂಗಡಿಯವನು "ಏನ್ ಸಾರ್, ಖೋಟಾ ನೋಟಾ?" ಅಂದ. ಹೌದು ಅನ್ನಬೇಕಿತ್ತು.

ಫೋನ್ ಮಾಡಿ ಕೂಗಾಡಿದೆ. ಅವನ ದನಿ ಅಷ್ಟೇ ವಿನಯವಾಗಿತ್ತು. "ಸಾರ್, ಮೂಲ ಮುದ್ರಣ ಅಂತ ನಾನು ಎಲ್ಲಿ ಬರೆದಿದೀನಿ? ಇನ್ನೊಂದ್ಸಲ ಓದ್ಕೊಳ್ಳಿ."

ಓದಿಕೊಂಡೆ. "1894" ಅಂತಿದೆ, ಅದು ಶೀರ್ಷಿಕೆ ಪುಟದಲ್ಲಿ ಅಚ್ಚಾಗಿರುವುದೇ. "ಅಪರೂಪದ ಪ್ರತಿ"ಗೆ ಅಳತೆಗೋಲಿಲ್ಲ. "ಹಳೇ ಮನೆತನ" ಯಾವುದು ಅಂತ ಹೇಳಿಲ್ಲ, ಎಲ್ಲ ಮನೆತನವೂ ಹಳೆಯದೇ. "ಕಂದು ಬಣ್ಣ ಬಂದಿದೆ" ಅಂದಿದ್ದಾನೆ, ತಾನೇ ಬಂತೋ ಯಾರಾದರೂ ತಂದರೋ ಹೇಳಿಲ್ಲ. ಪ್ರಥಮ ಮುದ್ರಣ ಅನ್ನುವ ಪದ ಆ ಆರು ಸಾಲಿನಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸಿ ಓದಿದವನು ನಾನು.

ಆದರೆ ಅಂಟಿಸಿದ ಹಾಳೆ ಇದೆಯಲ್ಲ, ಅದು ಮಾತಿನ ಚಮತ್ಕಾರ ಅಲ್ಲ, ಶುದ್ಧ ವಂಚನೆ ಅಂತ ವಕೀಲರಾಗಿರುವ ಹಳೇ ವಿದ್ಯಾರ್ಥಿಯೊಬ್ಬ ಹೇಳಿದ. ಹಣ ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಬೇಕಿತ್ತಂತೆ, ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಓಡಿರುತ್ತದೆ. ನಾನು ಹದಿನೈದು ದಿನ ಪುಸ್ತಕ ಮುದ್ದಾಡುತ್ತಾ ಕೂತಿದ್ದೆ. ಅಂಟು ಬಿಡಿಸುವ ಮೊದಲು ವಿಡಿಯೋ ತೆಗೆದುಕೊಳ್ಳಬೇಕು ಅನ್ನುವುದೂ ಹೊಳೆಯಲಿಲ್ಲ. ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೋ ಮಾಡಿ. ದೂರು ಕೊಟ್ಟಿದ್ದೇನೆ. ಆ ನಂಬರ್ ಈಗ ಸ್ವಿಚ್ ಆಫ್.

ಈಗ ಹಳೇ ಪುಸ್ತಕ ಕೊಳ್ಳುವ ಮೊದಲು ನಾನು ಕೇಳುವುದು ಹೀಗೆ: ಶೀರ್ಷಿಕೆ ಪುಟದ ಹಿಂಬದಿಯ ಫೋಟೋ ಮೊದಲು. ಅದಿಲ್ಲದಿದ್ದರೆ ಮಾತೇ ಇಲ್ಲ. ಒಂದು ಪುಟಕ್ಕೆ ಟಾರ್ಚ್ ಅಡ್ಡ ಹಿಡಿದು ತೆಗೆದ ಫೋಟೋ. ಪುಟ ಎಷ್ಟು, ಎಷ್ಟು ಹಾಳೆ ಇಲ್ಲ, ರಟ್ಟು ಮೂಲದ್ದೋ ಆಮೇಲೆ ಕಟ್ಟಿಸಿದ್ದೋ. ಯಾವುದಾದರೂ ಲೈಬ್ರರಿಯ ಮೊಹರು ಇದೆಯೋ, ಇದ್ದರೆ ಅದರ ಮೇಲೆ "ರದ್ದಾಗಿದೆ" ಅಂತ ಬಿದ್ದಿದೆಯೋ. ಮೊಹರು ಇರಬೇಕಾದ ಜಾಗವನ್ನು ಬ್ಲೇಡಿನಲ್ಲಿ ಕತ್ತರಿಸಿದ್ದರೆ ಅದು ಕದ್ದ ಮಾಲು ಅಂತಲೇ ತಿಳಿಯಬೇಕು. ಕೊನೆಗೆ, "ಇದು 1894ರಲ್ಲಿ ಅಚ್ಚಾದ ಪ್ರತಿ, ಮರುಮುದ್ರಣ ಅಲ್ಲ" ಅಂತ ಬರಹದಲ್ಲಿ ಹಾಕಿ ಅನ್ನುತ್ತೇನೆ. ಹೆಚ್ಚಿನವರು ಇಲ್ಲಿಯೇ ಫೋನ್ ಇಡುತ್ತಾರೆ. ಒಳ್ಳೆಯ ವ್ಯಾಪಾರಿ ಇದಕ್ಕೆಲ್ಲ ಬೇಸರಿಸುವುದಿಲ್ಲ. ನಾನು ಆಮೇಲೆ ಪುಸ್ತಕ ತರಿಸಿದ ಒಬ್ಬರಂತೂ ನಾನು ಕೇಳುವ ಮೊದಲೇ "ಪುಟ 212ರಲ್ಲಿ ಎಣ್ಣೆ ಕಲೆ ಇದೆ" ಅಂತ ಬರೆದಿದ್ದರು.

ಇರಲಿ, ಮರುಮುದ್ರಣವನ್ನು ಮಾರಿಬಿಡೋಣ ಅನ್ನಿಸಿತು. ಮಿಕ್ಸಿಯ ಬಾಬತ್ತು ಇನ್ನೂ ಬಾಕಿ ಇತ್ತು. ನಾನೇ ಒಂದು ಜಾಹೀರಾತು ಬರೆದೆ: "ಕಿಟೆಲ್ ನಿಘಂಟಿನ ಮರುಮುದ್ರಣ, ದೆಹಲಿ. ಮೋಸಕ್ಕಾಗಿ ಟೀ ಡಿಕಾಕ್ಷನ್ ಬಳಿದು, ಸೂಜಿಯಿಂದ ತೂತು ಮಾಡಲಾಗಿದೆ. ಓದಲು ಅಡ್ಡಿಯಿಲ್ಲ. 900." ಎರಡು ದಿನ ಯಾರೂ ಕೇಳಲಿಲ್ಲ. ಮೂರನೇ ದಿನ ಒಂದು ಫೋನ್.

"ಸಾರ್, ಐದು ಸಾವಿರ ಕೊಡ್ತೀನಿ. ಬಣ್ಣ ಚೆನ್ನಾಗಿ ಬಂದಿದೆ."

ನಾನು ಸುಮ್ಮನಿದ್ದೆ.

"ಆದ್ರೆ ಆ ಪೋಸ್ಟ್ ಡಿಲೀಟ್ ಮಾಡ್ಬಿಡಿ. ಮತ್ತೆ ನೀವು ರಿಟೈರ್ಡ್ ಕನ್ನಡ ಮೇಷ್ಟ್ರು ಅಲ್ವಾ ಸಾರ್? ಪಂಡಿತರ ಮನೆಯ ಸಂಗ್ರಹ ಅಂತ ಹಾಕ್ಕೊಂಡ್ರೆ ಬೇಜಾರಿಲ್ವಲ್ಲ?"

ಬೇರೆ ದನಿ, ಬೇರೆ ನಂಬರ್. ಫೋನ್ ಇಟ್ಟು, ಪುಸ್ತಕ ತೆಗೆದು, ಶೀರ್ಷಿಕೆ ಪುಟದಲ್ಲಿ 1894ರ ಕೆಳಗೆ "ಇದು ಮರುಮುದ್ರಣ" ಅಂತ ಬಾಲ್‌ಪೆನ್ನಿನಲ್ಲಿ ಬರೆದು ಸಹಿ ಹಾಕಿದೆ. ಒತ್ತಿ ಬರೆದೆ. ಸಂಜೆ ಯಜಮಾನರು ಬಂದಾಗ ಹಾಳೆ ತಿರುಗಿಸಿ ಕೊಟ್ಟೆ. ಅವರು ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿ, "ಇದು ಕಚ್ಚೈತೆ" ಅಂದರು.