ಹನೋಯ್‌ನಿಂದ ದಕ್ಷಿಣಕ್ಕೆ: ಸ್ಲೀಪರ್ ಬಸ್ಸಾ, ರೈಲಾ?

ವಿಯೆಟ್ನಾಂಗೆ ಕಡಿಮೆ ಖರ್ಚಿನಲ್ಲಿ ಹೊರಟವರು ನನ್ನ ಹತ್ತಿರ ಮೊದಲು ಕೇಳೋದು ಇದನ್ನೇ. ಹನೋಯ್‌ನಿಂದ ಹ್ವೆ, ದನಾಂಗ್ ಕಡೆ ಇಳಿಯೋಕೆ ರಾತ್ರಿ ಬಸ್ ಒಳ್ಳೆಯದಾ, ರೈಲಾ? ನಾನು ಮತ್ತು ಅಕ್ಕ ಎರಡರಲ್ಲೂ ಹೋಗಿದ್ದೇವೆ. ನನ್ನ ಉತ್ತರ ರೈಲು. ಅದರಲ್ಲೂ ಆರು ಬರ್ತಿನ ಹಾರ್ಡ್ ಸ್ಲೀಪರ್. ಬಸ್ ಟಿಕೆಟ್ ಹೆಚ್ಚುಕಡಿಮೆ ಅರ್ಧ ದುಡ್ಡಿಗೆ ಸಿಗುತ್ತದೆ. ಅದು ಗೊತ್ತಿದ್ದೂ ರೈಲು ಅನ್ನುತ್ತೇನೆ.

ಬೈಕ್ ಬಾಡಿಗೆಗೆ ಹಿಡಿದು ಹೋಗುವ ದಾರಿಯೂ ಇದೆ. ಅದನ್ನು ನಾವು ಬಿಟ್ಟೇಬಿಟ್ಟೆವು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ ಪ್ರಕಾರ ಕೊಟ್ಟ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ನಮ್ಮ ಆರ್‌ಟಿಓದಲ್ಲಿ ಸಿಗೋದು 1949ರ ಜಿನೀವಾ ಒಪ್ಪಂದದ್ದು. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಡಬಹುದು. ಬಿದ್ದು ಕೈಕಾಲು ಮುರಿದರೆ ವಿಮೆಯವರು ಮೊದಲು ಕೇಳೋದೇ ಲೈಸೆನ್ಸ್.

ಈಗ ಬಸ್. ಬೆಂಗಳೂರಿನಿಂದ ಉಡುಪಿಗೋ ಬೆಳಗಾವಿಗೋ ಸ್ಲೀಪರ್‌ನಲ್ಲಿ ಹೋಗಿ ಅಭ್ಯಾಸ ಇದ್ದವರು ಅದೇ ಲೆಕ್ಕ ಇಟ್ಟುಕೊಂಡು ಹೋಗಬೇಡಿ. ಅಲ್ಲಿನ ಸಾಮಾನ್ಯ ಸ್ಲೀಪರ್ ಬಸ್ಸಿನಲ್ಲಿ ಉದ್ದಕ್ಕೆ ಮೂರು ಸಾಲು, ಮೇಲೊಂದು ಕೆಳಗೊಂದು. ನಡುವೆ ಎರಡು ಸಣ್ಣ ಓಣಿ. ಬಾಗಿಲಲ್ಲೇ ಚಪ್ಪಲಿ, ಶೂ ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಳ್ಳಬೇಕು. ಬೆನ್ನು ಪೂರ್ತಿ ನೆಲಕ್ಕೆ ಸಮ ಆಗೋದಿಲ್ಲ. ಕಾಲನ್ನು ಮುಂದಿನವರ ಬೆನ್ನ ಕೆಳಗಿನ ಪೆಟ್ಟಿಗೆಯಂಥ ಜಾಗಕ್ಕೆ ತೂರಿಸಬೇಕು. ಮಗ್ಗುಲಾಗೋಕೆ ಕಷ್ಟ. ಎತ್ತರದವರಿಗಂತೂ ಮಂಡಿ ಮಡಚಿಯೇ ಇರಬೇಕು. ಪರದೆ ಇರುವ ಕ್ಯಾಬಿನ್ ಬಸ್ಸೂ ಇವೆ, ಚೆನ್ನಾಗಿವೆ. ಅವುಗಳ ದರ ರೈಲಿನ ಹತ್ತಿರಕ್ಕೆ ಬಂದುಬಿಡುತ್ತದೆ.

ನಿದ್ದೆ ಕೆಟ್ಟರೆ ಮಾರನೇ ದಿನ ಮಲಗಿಕೊಳ್ಳಬಹುದು. ನನಗೆ ಬಸ್ ಬೇಡವಾಗಿದ್ದು ಇಳಿಸುವ ಜಾಗದಿಂದ.

ನಾವು ಹೊರಟಿದ್ದು ಹ್ವೆಗೆ. ಹತ್ತಿದ ಬಸ್ಸಿನ ಕೊನೆಯ ಊರು ಮಾತ್ರ ಹ್ವೆ ಅಲ್ಲ, ಅದರಾಚೆಗಿನ ದನಾಂಗ್. ಇದನ್ನು ಟಿಕೆಟ್ ಮಾರಿದ ಏಜೆಂಟ್ ಹೇಳಿರಲಿಲ್ಲ. ‘ಬೆಳಗ್ಗೆ ಏಳು ಗಂಟೆಗೆ ಊರ ಮಧ್ಯದಲ್ಲೇ ಇಳಿಸ್ತಾರೆ’ ಅಂದಿದ್ದರು. ರಾತ್ರಿ ಹೆದ್ದಾರಿ ಖಾಲಿ ಇತ್ತು, ಬಸ್ ಓಡಿತು. ಬೆಳಗಿನ ಜಾವ ನಾಲ್ಕೂವರೆಗೆ ಕಂಡಕ್ಟರ್ ಬಂದು ಕಾಲು ತಟ್ಟಿ ‘ಹ್ವೆ, ಹ್ವೆ’ ಅಂದ. ಅಕ್ಕ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನಾವು ಕೆಳಗಿಳಿಯುವಷ್ಟರಲ್ಲಿ ಡಿಕ್ಕಿಯಿಂದ ನಮ್ಮ ಬ್ಯಾಗುಗಳು ರಸ್ತೆಗೆ ಬಂದಿದ್ದವು. ಶೂ ಇನ್ನೂ ಕವರಿನಲ್ಲೇ. ಸಾಕ್ಸಿನಲ್ಲಿ ಜಲ್ಲಿ ಮೇಲೆ ನಿಂತು ಶೂ ಹಾಕಿಕೊಳ್ಳುತ್ತಿದ್ದಾಗ ಬಸ್ ಹೊರಟೇಹೋಯಿತು.

ಅದು ಬೈಪಾಸ್. ಒಂದು ಪೆಟ್ರೋಲ್ ಬಂಕಿನ ದೀಪ ಬಿಟ್ಟರೆ ಏನೂ ಇಲ್ಲ. ಮುಂದಿನ ಊರಿಗೆ ಹೋಗುವ ಬಸ್ ನಾಲ್ಕೈದು ಜನರಿಗಾಗಿ ಊರೊಳಗೆ ಬರೋದಿಲ್ಲ, ಬಂದರೆ ಅವರಿಗೆ ಹೊತ್ತು ಹೋಗುತ್ತದೆ. ಇದು ಆವತ್ತಿನ ಚಾಲಕನ ಮರ್ಜಿ ಅಲ್ಲ. ಆ ಬಸ್ ನಡೆಯೋದೇ ಹಾಗೆ. ಬಸ್ ನಿಲ್ಲುವ ಜಾಗ ಗೊತ್ತಿದ್ದ ಇಬ್ಬರು ಬೈಕ್ ಟ್ಯಾಕ್ಸಿಯವರು ಅಲ್ಲೇ ಕಾಯುತ್ತಿದ್ದರು. ಆ ಹೊತ್ತಿನಲ್ಲಿ ಆ್ಯಪ್‌ನಲ್ಲಿ ಒಂದು ಕಾರೂ ತೋರಿಸಲಿಲ್ಲ. ಅವರು ಹೇಳಿದ್ದೇ ರೇಟು. ಇಲ್ಲಿ ನೋಟಿನ ವಿಷಯ ಒಂದು ಹೇಳಬೇಕು. 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಮೊದಲನೆಯದು ನಮ್ಮ ನೂರು ರೂಪಾಯಿಗೂ ಕಡಿಮೆ, ಎರಡನೆಯದು ಸಾವಿರದ ಐನೂರಕ್ಕೂ ಜಾಸ್ತಿ. ಕತ್ತಲಲ್ಲಿ ಬೇರೆ ಬೇರೆ ಜೇಬಿನಲ್ಲಿ ಇಲ್ಲದಿದ್ದರೆ ಕಷ್ಟ.

ಹೋಟೆಲ್ಲಿಗೆ ಬಂದರೆ ಷಟರ್ ಎಳೆದಿತ್ತು. ರೂಮು ಸಿಗೋದು ಮಧ್ಯಾಹ್ನ. ಅಕ್ಕನಿಗೆ ಸೊಂಟ ಹಿಡಿದಿತ್ತು, ಅಷ್ಟು ಹೊತ್ತು ಕೂರೋಕೆ ಆಗುತ್ತಿರಲಿಲ್ಲ. ಬೆಳಗಾದ ಮೇಲೆ ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಕೊಟ್ಟು ಒಳಗೆ ಹೋದೆವು. ಬೈಕ್ ಟ್ಯಾಕ್ಸಿ, ಈ ಬಾಡಿಗೆ ಎರಡೂ ಸೇರಿಸಿದರೆ ಬಸ್ಸಿನಲ್ಲಿ ಉಳಿಸಿದ್ದರಲ್ಲಿ ಏನೂ ಉಳಿಯಲಿಲ್ಲ. ಬಸ್ಸಿಗೇ ಹೋಗುವವರು ಟಿಕೆಟ್ ತೆಗೆಯುವ ಮುಂಚೆ ಒಂದು ಮಾತು ಕೇಳಿ: ಈ ಬಸ್ಸಿನ ಕೊನೆಯ ಊರು ಯಾವುದು? ನಿಮ್ಮ ಊರೇ ಕೊನೆ ಆಗಿದ್ದರೆ ತೊಂದರೆ ಕಡಿಮೆ.

ರೈಲಿನಲ್ಲಿ ಈ ಗೋಳು ಇಲ್ಲ. ಹ್ವೆ ಸ್ಟೇಷನ್ ಊರಿನೊಳಗೇ ಇದೆ, ಪರ್ಫ್ಯೂಮ್ ನದಿಯ ಹತ್ತಿರ. ರಾತ್ರಿ ಹನೋಯ್ ಬಿಟ್ಟ ರೈಲು ಬೆಳಕು ಹರಿದ ಮೇಲೇ ಅಲ್ಲಿಗೆ ಬರುತ್ತದೆ. ತಡವಾದರೂ ಚಿಂತೆಯಿಲ್ಲ, ರೂಮಿನ ಹೊತ್ತಿಗೆ ಇನ್ನೂ ಹತ್ತಿರವಾಗುತ್ತದೆ ಅಷ್ಟೇ.

ರೈಲು ನಿಧಾನ, ಅದು ನಿಜ. ಹನೋಯ್‌ನಿಂದ ಹೋ ಚಿ ಮಿನ್ ಸಿಟಿಯ ಸೈಗಾನ್ ಸ್ಟೇಷನ್‌ವರೆಗಿನ 1,726 ಕಿಲೋಮೀಟರ್ ಮೀಟರ್ ಗೇಜ್ ಹಳಿ. 1936ರಲ್ಲಿ ಪೂರ್ತಿಯಾದದ್ದು. ಯುದ್ಧದಲ್ಲಿ ಕಿತ್ತುಹೋಗಿ 1976ರಲ್ಲಿ ಮತ್ತೆ ಜೋಡಿಸಿದ್ದು. ಹಾಸನ–ಮಂಗಳೂರು ಲೈನ್ ಬ್ರಾಡ್‌ಗೇಜ್ ಆಗುವ ಮುಂಚೆ ಅದರಲ್ಲಿ ಹೋದವರಿಗೆ ಆ ವೇಗ, ಆ ಕುಲುಕಾಟ ಹೊಸದಲ್ಲ.

ನಮ್ಮ ರೈಲಿನಲ್ಲಿ ಮೇಲಿನ ಬರ್ತ್, ಕೆಳಗಿನ ಬರ್ತ್ ಎಲ್ಲಕ್ಕೂ ಒಂದೇ ದರ ಅಲ್ವಾ? ಅಲ್ಲಿ ಹಾಗಲ್ಲ. ಕೆಳಗಿನದು ದುಬಾರಿ, ಮೇಲೆ ಹೋದ ಹಾಗೆ ಅಗ್ಗ. ತೀರಾ ಮೇಲಿನದರಲ್ಲಿ ಎದ್ದು ಕೂರೋಕೆ ಜಾಗವಿಲ್ಲ, ಏಣಿಯೂ ನೆಪಕ್ಕೆ. ಕೆಳಗಿನದು ಹಗಲಲ್ಲಿ ಎಲ್ಲರ ಬೆಂಚಾಗುತ್ತದೆ. ನಾನು ಮಧ್ಯದ್ದು ತೆಗೆದುಕೊಳ್ಳುತ್ತೇನೆ. ಮಂಡಿನೋವಿನ ಅಕ್ಕನಿಗೆ ಮಾತ್ರ ಕೆಳಗಿನದು. ಹಾರ್ಡ್ ಅಂದರೂ ತೆಳು ಹಾಸಿಗೆ, ಹೊದಿಕೆ ಇರುತ್ತದೆ. ಬೆನ್ನು ಸಪಾಟಾಗಿ ಚಾಚಬಹುದು, ನನಗೆ ಬೇಕಾದ್ದು ಅದೇ.

ಊಟಕ್ಕೆ ತಳ್ಳುಗಾಡಿ ಬರುತ್ತದೆ, ಜಾಸ್ತಿ ಮಾಂಸದ್ದೇ. ಬೋಗಿಯ ತುದಿಯಲ್ಲಿ ಬಿಸಿನೀರು ಸಿಗುತ್ತದೆ. ನಾವು ತೆಳು ಅವಲಕ್ಕಿ, ಚಟ್ನಿಪುಡಿ, ಒಂದು ಸ್ಟೀಲ್ ಡಬ್ಬಿ ಒಯ್ದಿದ್ದೆವು. ಬಿಸಿನೀರು ಚಿಮುಕಿಸಿ ಮುಚ್ಚಿಟ್ಟರೆ ಎರಡು ನಿಮಿಷದಲ್ಲಿ ಊಟ. ಬಸ್ ನಿಲ್ಲುವ ಹೆದ್ದಾರಿ ಹೋಟೆಲಿನಲ್ಲಿ ತರಕಾರಿಗೂ ಮೀನಿನ ಸಾಸ್ ಬಿದ್ದಿರುತ್ತದೆ.

ಶೌಚಾಲಯ: ರೈಲಿನಲ್ಲಿ ಇದೆ, ನಮ್ಮ ಬಸ್ಸಿನಲ್ಲಿ ಇರಲಿಲ್ಲ.

ಹ್ವೆಯಿಂದ ದನಾಂಗ್‌ಗೆ ಹಗಲಲ್ಲೇ ಹೋಗಿ, ರೈಲಿನಲ್ಲೇ ಹೋಗಿ. ಸುಮಾರು ನೂರು ಕಿಲೋಮೀಟರ್. ಎಡಗಡೆ ಸೀಟು ಸಿಕ್ಕರೆ ಹಾಯ್ ವಾನ್ ಬೆಟ್ಟದ ಬುಡದಲ್ಲಿ, ಸಮುದ್ರಕ್ಕೆ ಅಂಟಿಕೊಂಡೇ ರೈಲು ಬಳಸಿಕೊಂಡು ಹೋಗೋದು ಕಾಣುತ್ತದೆ. ಒಂದು ತಿರುವಿನಲ್ಲಿ ನಮ್ಮದೇ ರೈಲಿನ ಇಂಜಿನ್ ಮುಂದೆ ಕಾಣಿಸಿತು, ಕೆಳಗೆ ಬಂಡೆಗೆ ಅಲೆ ಬಡಿಯುತ್ತಿತ್ತು. ಬಸ್ಸುಗಳು ಸಾಮಾನ್ಯವಾಗಿ 2005ರಲ್ಲಿ ತೆರೆದ ಆರು ಕಿಲೋಮೀಟರ್ ಸುರಂಗದಲ್ಲಿ ಹೋಗುತ್ತವೆ. ಇದನ್ನೆಲ್ಲ ಬಿಟ್ಟು ಸುರಂಗದ ಗೋಡೆ ನೋಡೋಕೆ ಅಷ್ಟು ದೂರ ಹೋಗಬೇಕಾ?

ಬಸ್ಸೇ ಬೇಕಾಗುವ ಊರುಗಳೂ ಇವೆ. ಹಾ ಜಾಂಗ್‌ಗೆ ರೈಲಿಲ್ಲ. ಹೊಯ್ ಆನ್‌ಗೂ ಇಲ್ಲ, ದನಾಂಗ್‌ನಲ್ಲಿ ಇಳಿದು ಸುಮಾರು ಮೂವತ್ತು ಕಿಲೋಮೀಟರ್ ಹೋಗಬೇಕು. ಸಾಪಾಕ್ಕೆ ರೈಲು ಹೋಗೋದು ಲಾವೋ ಕಾಯ್‌ವರೆಗೆ ಮಾತ್ರ, ಅಲ್ಲಿಂದ ಮತ್ತೆ ಘಟ್ಟ ಹತ್ತಬೇಕು. ಹನೋಯ್‌ನಿಂದ ನೇರ ಬಸ್ ಇದೆ, ಸಾಪಾ ಊರಿಗೇ ಬಿಡುತ್ತದೆ. ಅದಕ್ಕೆ ಬೆಳಗಿನ ಬಸ್ ಹಿಡಿಯಿರಿ. ಹಗಲಿರುವಾಗಲೇ ಇಳಿಯುತ್ತೀರಿ, ನೋಟಿನ ಸೊನ್ನೆಗಳನ್ನೂ ಎಣಿಸಬಹುದು.