ಮಡಚುವ ಎಲ್‌ಇಡಿ ಲೈಟ್ ಬಾಕ್ಸ್: ಓಲೆ-ಉಂಗುರಕ್ಕೆ ಸರಿ, ನಾಣ್ಯಕ್ಕೆ ಅರೆಬರೆ

ಸಣ್ಣ ವಸ್ತುಗಳ ಫೋಟೋ ತೆಗೆಯಲೆಂದು ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೆ ಸಿಗುವ ಬಿಳಿ ಪ್ಲಾಸ್ಟಿಕ್ ಡಬ್ಬ ಇದು. ಮಡಿಕೆ ಬಿಚ್ಚಿ ಬಟನ್ ಒತ್ತಿದರೆ ಸುಮಾರು 23 ಸೆಂ.ಮೀ. ಚೌಕದ ಗೂಡು. ಮೇಲ್ಭಾಗದಲ್ಲಿ ಕಿಂಡಿ, ಅದರ ಆಚೀಚೆ ಎರಡು ಎಲ್‌ಇಡಿ ಪಟ್ಟಿ, ಜೊತೆಗೆ ಬಣ್ಣಬಣ್ಣದ ಹಿನ್ನೆಲೆ ಹಾಳೆಗಳು. ಮೊಬೈಲ್ ಚಾರ್ಜರಿನಲ್ಲೇ ಉರಿಯುತ್ತದೆ. ಓಲೆ, ಉಂಗುರ ಮಾರುವವರಿಗೆ ಕೊಟ್ಟ ಕಾಸಿಗೆ ಮೋಸವಿಲ್ಲ. ನಾಣ್ಯದ ಮಾತೇ ಬೇರೆ.

ನಾಣ್ಯದಲ್ಲಿ ನೋಡಬೇಕಾದದ್ದೆಲ್ಲ ಉಬ್ಬಿನಲ್ಲಿದೆ, ಉಬ್ಬು ಕಾಣಲು ನೆರಳು ಬೇಕು. ಈ ಡಬ್ಬ ಇರುವುದೇ ನೆರಳು ಅಳಿಸಲು. 1911ರ ಐದನೇ ಜಾರ್ಜ್ ರೂಪಾಯಿಯನ್ನೇ ತೆಗೆದುಕೊಳ್ಳಿ. ರಾಜನ ಉಡುಪಿನ ಮೇಲಿನ ಆನೆ ಹಂದಿಯಂತೆ ಕಾಣುತ್ತದೆ ಎಂದು ಗದ್ದಲವೆದ್ದು, 1912ರಲ್ಲಿ ಆನೆಯನ್ನು ತಿದ್ದಿ ಟಂಕಿಸಿದರು. ಹಳೆಯದಕ್ಕೆ ‘ಪಿಗ್ ರುಪಿ’ ಎಂಬ ಹೆಸರು ಅಂಟಿಕೊಂಡಿತು. 30.5 ಮಿ.ಮೀ. ಅಗಲದ ನಾಣ್ಯದಲ್ಲಿ ಆ ಆನೆ ಎಳ್ಳುಕಾಳಿನ ಅಂದಾಜಿನದು. ಎರಡೂ ಪಟ್ಟಿ ಉರಿಸಿ ತೆಗೆದರೆ ಸೊಂಡಿಲೂ ಇಲ್ಲ, ಮೂತಿಯೂ ಇಲ್ಲ, ಬರೀ ಬೂದು ಮಚ್ಚೆ.

ಇದಕ್ಕೆ ಮದ್ದಿದೆ. ಒಂದು ಪಟ್ಟಿಯನ್ನು ಕಪ್ಪು ಚಾರ್ಟ್ ಪೇಪರಿನಿಂದ ಪೂರ್ತಿ ಮುಚ್ಚಿ. ಅದೇ ಬದಿಯ ಒಳಗೋಡೆಗೂ ಕಪ್ಪು ಹಾಳೆ ಹಚ್ಚಿ. ಇಲ್ಲವಾದರೆ ಬಿಳಿ ಗೋಡೆ ಬೆಳಕನ್ನು ವಾಪಸ್ ಎರಚಿ ನೆರಳನ್ನು ಮತ್ತೆ ತಿನ್ನುತ್ತದೆ. ನಾಣ್ಯವನ್ನು ನೆಲಕ್ಕೆ ಇಡದೆ ಬಾಟಲಿ ಮುಚ್ಚಳದ ಮೇಲೆ ಎರಡು ಸೆಂ.ಮೀ. ಎತ್ತರಿಸಿ, ಬೆಳಕು ರಾಜನ ಮುಖದ ಕಡೆಯಿಂದ ಬೀಳುವಂತೆ ತಿರುಗಿಸಿ. ಇಷ್ಟಕ್ಕೇ ಸೊಂಡಿಲು ಮೂಡುತ್ತದೆ.

ಕೊಟ್ಟಿರುವ ಬಿಳಿ ಹಾಳೆ ಹಾಕಿದರೆ ಕ್ಯಾಮೆರಾ ಬಿಳುಪಿಗೆ ಹೆದರಿ ಇಡೀ ಚಿತ್ರವನ್ನು ಕಂದಿಸುತ್ತದೆ, ಬೆಳ್ಳಿ ಸೀಸದಂತೆ ಕಾಣುತ್ತದೆ. ಕಪ್ಪು ಹಾಳೆಯಲ್ಲಿ ತದ್ವಿರುದ್ಧ, ನಾಣ್ಯ ಅತಿ ಬೆಳ್ಳಗಾಗಿ ವಿವರವೇ ಅಳಿಸಿಹೋಗುತ್ತದೆ. ಮಂಕು ಬೂದು ಹಾಳೆ ಬೇರೆ ಕೊಳ್ಳುವುದು ವಾಸಿ. ಕೆಂಪು, ಕಿತ್ತಳೆ ಹಾಳೆಗಳ ಗೊಡವೆಯೇ ಬೇಡ, ಬೆಳ್ಳಿಯ ಅಂಚಿಗೆ ಬಣ್ಣ ಹತ್ತುತ್ತದೆ. ಕೋಣೆಯ ಟ್ಯೂಬ್‌ಲೈಟ್ ಆರಿಸಿ: ಎರಡು ಬಗೆಯ ಬೆಳಕು ಬೆರೆತರೆ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಕ್ಯಾಮೆರಾ ಹೊಂದಾಣಿಕೆ) ಎತ್ತಲೂ ನಿಲ್ಲದು.

ಡಿಮ್ಮರ್ ಇರುವ ಮಾದರಿಗೆ ಹೆಚ್ಚು ಹಣ ಕೊಡಬೇಡಿ. ಬೆಳಕು ತಗ್ಗಿಸಿದಾಗ ಎಲ್‌ಇಡಿ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಮಿನುಗಿ, ಚಿತ್ರದಲ್ಲಿ ಅಡ್ಡಪಟ್ಟೆ ಬೀಳುವುದುಂಟು.

ಒಂದು ವಿಷಯಕ್ಕೆ ಮಾತ್ರ ಡಬ್ಬಕ್ಕೆ ಪೂರ್ತಿ ಅಂಕ: ಎತ್ತರ. ಮೊಬೈಲನ್ನು ಕಿಂಡಿಯ ಮೇಲಿಟ್ಟರೆ ನಾಣ್ಯಕ್ಕೆ 20 ಸೆಂ.ಮೀ. ದೂರ. ಮ್ಯಾಕ್ರೋ ಮೋಡ್ ಬಿಟ್ಟು 2ಎಕ್ಸ್ ಲೆನ್ಸ್‌ನಲ್ಲಿ ತೆಗೆಯಲು ಇದು ಹದವಾದ ದೂರ. ಮ್ಯಾಕ್ರೋಗೆಂದು ಮೊಬೈಲನ್ನು ನಾಲ್ಕೈದು ಸೆಂ.ಮೀ.ಗೆ ಇಳಿಸಿದರೆ ಅದರ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ನಾಣ್ಯದ ಜಾಗದಲ್ಲಿ ಪುಟ್ಟ ಕನ್ನಡಿ ಇಟ್ಟು ನೋಡಿ. ಲೆನ್ಸಿನ ಬಿಂಬ ಪರದೆಯ ನಟ್ಟನಡುವೆ ಕಂಡರೆ ಮೊಬೈಲ್ ಓರೆಯಾಗಿಲ್ಲ. ಆಮೇಲೆ 2 ಸೆಕೆಂಡ್ ಟೈಮರ್.

ಪ್ರೂಫ್ ನಾಣ್ಯಗಳಿಗೆ, ಅಂದರೆ ಸಂಗ್ರಹಕಾರರಿಗೆಂದೇ ಹೊಳಪು ಕೊಟ್ಟು ಟಂಕಿಸಿದವಕ್ಕೆ, ಇದು ಕೆಲಸಕ್ಕೆ ಬಾರದು. ಕನ್ನಡಿಯಂಥ ಮೈಯಲ್ಲಿ ನಡುವೆ ಕಿಂಡಿಯ ಕಪ್ಪು, ಅಂಚಿನಲ್ಲಿ ಎಲ್‌ಇಡಿ ಚುಕ್ಕಿಗಳ ಮಣಿಸರ. ಅವಕ್ಕೆ ಟೇಬಲ್ ಲ್ಯಾಂಪ್ ಮತ್ತು ಹಳೆ ಫೋಟೋ ಫ್ರೇಮಿನ ಗಾಜು ಸಾಕು. ನಾಣ್ಯದ ಮೇಲೆ ಗಾಜನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ದೀಪ ಹಾಯಿಸಿ, ಮೇಲಿನಿಂದ ಗಾಜಿನ ಮೂಲಕವೇ ತೆಗೆಯಿರಿ. ದೀಪ ನೇರವಾಗಿ ನಾಣ್ಯಕ್ಕೆ ತಾಗದಂತೆ ನಡುವೆ ಗಿಡ್ಡ ರಟ್ಟು, ಗಾಜಿನ ಆಚೆ ಬದಿಗೆ ಕಪ್ಪು ಬಟ್ಟೆ. ಗಾಜಿನ ಮೇಲೆ ಒಂದು ಬೆರಳಚ್ಚಿದ್ದರೂ ಚಿತ್ರವೆಲ್ಲ ಮಂಜು.

ಟಿಪ್ಪು ಕಾಲದ ಆನೆ ಪೈಸೆಯಂಥ ಕಪ್ಪುಗಟ್ಟಿದ, ಸವೆದ ತಾಮ್ರವೇ ನಿಮ್ಮಲ್ಲಿ ಹೆಚ್ಚಿದ್ದರೆ ಡಬ್ಬ ಕೊಳ್ಳಬಹುದು. ಹೊಳಪಿಲ್ಲದ ಮೈಯಲ್ಲಿ ಚುಕ್ಕಿಗಳು ಪ್ರತಿಫಲಿಸವು, ಒಂದು ಪಟ್ಟಿ ಮುಚ್ಚಿದರೆ ಆನೆಯ ಬೆನ್ನು, ದಂತ ಚೆನ್ನಾಗಿಯೇ ಏಳುತ್ತವೆ. ಬೆಳ್ಳಿಯೇ ಹೆಚ್ಚಿದ್ದರೆ ಅದೇ ದುಡ್ಡಿಗೆ ಕತ್ತು ಬಾಗುವ ಎರಡು ಲ್ಯಾಂಪ್ ತನ್ನಿ. ಬಲ್ಬಿನ ಪೊಟ್ಟಣದ ಮೇಲೆ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 90 ದಾಟಿದೆಯೇ ನೋಡಿ.