ಲೀಸ್ ಕಾರಿನ ಹೆಚ್ಚುವರಿ ಮೈಲಿ: ದಂಡ ಕಟ್ಟಿ ನೋಡಿದೆ, ಮೈಲಿಯನ್ನು ಮೊದಲೇ ಕೊಂಡು ನೋಡಿದೆ, ಕೊನೆಗೆ ಕಾರನ್ನೇ ಇಟ್ಟುಕೊಂಡೆ

ಅಮೆರಿಕದಲ್ಲಿ ಕಾರು ಲೀಸ್ ಅಂದರೆ ತಿಂಗಳ ಕಂತು ಕಟ್ಟಿ ಕೆಲವು ವರ್ಷಕ್ಕೆ ಕಾರನ್ನು ಬಾಡಿಗೆಗೆ ಪಡೆಯುವುದು. ವರ್ಷಕ್ಕೆ ಇಷ್ಟು ಮೈಲಿ ಅಂತ ಮಿತಿ ಇರುತ್ತದೆ, ದಾಟಿದರೆ ಮೈಲಿಗೆ ಇಷ್ಟು ಅಂತ ದಂಡ. ಕೊನೆಗೆ ಕಾರು ವಾಪಸ್ ಕೊಡಬಹುದು, ಇಲ್ಲವೇ ಕರಾರಿನಲ್ಲಿ ಬರೆದ ಬೆಲೆಗೆ ಕೊಳ್ಳಬಹುದು. ಲೀಸ್ ಮುಗಿಯುವ ಹೊತ್ತಿಗೆ ಮೈಲಿ ಮಿತಿ ದಾಟಿ ಹೋಗಿದೆ, ಏನು ಮಾಡಲಿ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಈಗ ಒಂದೇ. ಕಾರು ಚೆನ್ನಾಗಿದ್ದರೆ ವಾಪಸ್ ಕೊಡಬೇಡಿ, ಕೊಂಡುಕೊಳ್ಳಿ. 2016ರಿಂದ 2024ರವರೆಗೆ ನಮ್ಮ ಮನೆಯಲ್ಲಿ ಮೂರು ಲೀಸ್ ಆದವು. ಮೂರನ್ನೂ ಮೂರು ರೀತಿ ಮುಗಿಸಿದೆವು. ಹಾಗಾಗಿ ಇದು ಕೈಯಿಂದ ದುಡ್ಡು ಹೋದ ಮೇಲೆ ಬರೆಯುತ್ತಿರುವ ಹೋಲಿಕೆ.

ನಾವಿರುವುದು ಕ್ಯಾಲಿಫೋರ್ನಿಯಾದ ಟ್ರೇಸಿಯಲ್ಲಿ. ನನ್ನ ಆಫೀಸು ಸಾಂಟಾ ಕ್ಲಾರಾದಲ್ಲಿ. ಆಲ್ಟಮಾಂಟ್ ಗುಡ್ಡ ಹತ್ತಿ ಇಳಿದು, 580 ಮತ್ತು 680 ಹೆದ್ದಾರಿ ಹಿಡಿದು ಹೋಗಿ ಬಂದರೆ ದಿನಕ್ಕೆ 105 ಮೈಲಿ. ಬೇ ಏರಿಯಾದಲ್ಲಿ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಲ್ಲಿ, ಮನೆ ಕೊಳ್ಳಲಾಗದೆ ಗುಡ್ಡದ ಈಚೆ ಬಂದ ಕನ್ನಡದವರು ನಮ್ಮ ಸುತ್ತಮುತ್ತ ಸುಮಾರು ಜನ ಇದ್ದಾರೆ. ಇವರಿಗೆಲ್ಲ ಈ ಲೆಕ್ಕ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಮೊದಲನೆಯದು, 2016ರ ಸೆಡಾನ್. ಆಗ ಆಫೀಸಿಗೆ ಹತ್ತಿರದ ಫ್ರೀಮಾಂಟ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ವರ್ಷಕ್ಕೆ 12,000 ಮೈಲಿ ಧಾರಾಳ ಅನ್ನಿಸಿತ್ತು. ಮಧ್ಯದಲ್ಲಿ ಟ್ರೇಸಿಗೆ ಬಂದೆವು. ಮೂರು ವರ್ಷಕ್ಕೆ 36,000 ಇರಬೇಕಾಗಿದ್ದ ಓಡೋಮೀಟರ್ 46,820 ತೋರಿಸುತ್ತಿತ್ತು. ಮೈಲಿಗೆ 20 ಸೆಂಟ್‌ನಂತೆ 2,164 ಡಾಲರ್. ಕಾರು ವಾಪಸ್ ಕೊಟ್ಟಿದ್ದಕ್ಕೆ ಡಿಸ್ಪೊಸಿಷನ್ ಫೀ ಅಂತ ಇನ್ನೊಂದು 395. ಕಾರು ಬಿಟ್ಟು ಬಂದು ಐದು ವಾರವಾದ ಮೇಲೆ ಬಿಲ್ಲು ಅಂಚೆಯಲ್ಲಿ ಬಂತು. ದುಡ್ಡು ಕಟ್ಟಿದೆ. ಕೈಗೆ ಏನೂ ಬರಲಿಲ್ಲ. ಇದರ ಬಗ್ಗೆ ಹೇಳುವುದು ಇಷ್ಟೇ.

ಮೋಸ ಅಂತ ಮಾತ್ರ ಹೇಳಲಾರೆ. ಮೈಲಿಗೆ ಎಷ್ಟು ಅಂತ ಲೀಸ್ ಕರಾರಿನಲ್ಲಿ ಬರೆದಿರಲೇಬೇಕು, ಅದು ಇಲ್ಲಿನ ಫೆಡರಲ್ ಕಾನೂನು. ನನ್ನ ಕರಾರಿನಲ್ಲೂ ಇತ್ತು. ತಿಂಗಳ ಕಂತು ಎಷ್ಟು ಅಂತ ನೋಡಿದವನು ಆ ಸಾಲನ್ನು ಓದಿರಲಿಲ್ಲ.

ಎರಡನೆಯದು ನನ್ನ ಹೆಂಡತಿಯ ಕಾರು, 2018ರದ್ದು. ಈ ಸಲ ವರ್ಷಕ್ಕೆ 15,000 ಮೈಲಿ ಇರುವ ಲೀಸನ್ನೇ ತೆಗೆದುಕೊಂಡೆವು. ಅದಕ್ಕೆ ತಿಂಗಳ ಕಂತು 20 ಡಾಲರ್ ಜಾಸ್ತಿ. ಮೂರು ವರ್ಷಕ್ಕೆ 720 ಡಾಲರ್ ಕೊಟ್ಟು 9,000 ಮೈಲಿ ಹೆಚ್ಚಿಗೆ ಪಡೆದ ಹಾಗಾಯಿತು. ಮೈಲಿಗೆ 8 ಸೆಂಟ್. ಕೊನೆಯಲ್ಲಿ ದಂಡವಾಗಿ ಕಟ್ಟುವ 20 ಸೆಂಟ್‌ಗೆ ಹೋಲಿಸಿದರೆ ಎಷ್ಟೋ ವಾಸಿ. ಎಷ್ಟು ಓಡಿಸುತ್ತೀರಿ ಅಂತ ಖಚಿತವಾಗಿ ಗೊತ್ತಿರುವವರಿಗೆ ಇದು ಒಳ್ಳೆಯ ದಾರಿ, ಅನುಮಾನವೇ ಇಲ್ಲ.

ಆದರೆ 2020ರ ಮಾರ್ಚ್‌ನಲ್ಲಿ ಎಲ್ಲರೂ ಮನೆಯಲ್ಲಿ ಕೂತೆವು. ಕಾರು ಗ್ಯಾರೇಜಿನಲ್ಲಿ ಕೂತಿತು. 2021ರಲ್ಲಿ ಲೀಸ್ ಮುಗಿದಾಗ 45,000ಕ್ಕೆ 31,000 ಕೂಡ ಆಗಿರಲಿಲ್ಲ. ಉಳಿದ 14,000 ಮೈಲಿಗೆ ಒಂದು ಡಾಲರೂ ವಾಪಸ್ ಬರುವುದಿಲ್ಲ. ಕಂತಿನೊಳಗೆ ಸೇರಿಹೋದ ದುಡ್ಡು ಅದು. ಇನ್ನೂ ಬೇಜಾರಿನ ಮಾತೆಂದರೆ, ಚಿಪ್ ಕೊರತೆಯಿಂದ ಹೊಸ ಕಾರು ಸಿಗದೆ ಆ ವರ್ಷ ಹಳೇ ಕಾರಿನ ಬೆಲೆ ಏರಿ ಕೂತಿತ್ತು. ಕಡಿಮೆ ಓಡಿದ ಕಾರು, ಕರಾರಿನಲ್ಲಿ ಮೂರು ವರ್ಷದ ಹಿಂದೆಯೇ ಬರೆದಿಟ್ಟ ಬೆಲೆ. ಕೊಂಡಿದ್ದರೆ ಲಾಭವೇ ಇತ್ತು. ನಾವು ಕೀ ಕೊಟ್ಟು ಬಂದೆವು. ನನ್ನ ಮನಸ್ಸು ಕೊಳ್ಳುವ ಕಡೆಗೆ ತಿರುಗಿದ್ದು ಅಲ್ಲಿಂದ.

ಮೂರನೆಯದು ನನ್ನ ಎಸ್‌ಯುವಿ, 2021ರಿಂದ 2024. ಮನೆಯಿಂದಲೇ ಕೆಲಸ ಅಂತ ವರ್ಷಕ್ಕೆ 10,000 ಮೈಲಿಯ ಲೀಸ್ ತೆಗೆದುಕೊಂಡೆ. ಒಂದೂವರೆ ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ವಾರಕ್ಕೆ ಮೂರು ದಿನ ಆಫೀಸಿಗೆ ಬರಲೇಬೇಕು ಅಂದರು. ಕೊನೆಯ ಆರು ತಿಂಗಳು ಮೈಲಿ ಉಳಿಸಲು ವಾರಕ್ಕೆ ಒಂದು ದಿನ ಏಸ್ ರೈಲಿನಲ್ಲಿ ಹೋದೆ. ಬೆಳಗ್ಗೆ ಕತ್ತಲಲ್ಲೇ ಟ್ರೇಸಿ ಸ್ಟೇಷನ್ನಿನಲ್ಲಿ ನಿಲ್ಲಬೇಕು. ಅಪ್ಪ ಅಮ್ಮ ಊರಿಂದ ಬಂದಿದ್ದರು. ಅವರನ್ನು ಲಾಸ್ ಏಂಜಲೀಸ್‌ಗೆ ಕರೆದುಕೊಂಡು ಹೋಗಲು ಬಾಡಿಗೆ ಕಾರು ತಂದೆ. "ಮನೇಲಿ ಎರಡು ಕಾರು ನಿಂತಿದೆ, ಬಾಡಿಗೆದು ಯಾಕಪ್ಪಾ?" ಅಂತ ಅಪ್ಪ ಕೇಳಿದರು. ತುಮಕೂರಿನಲ್ಲಿ ಒಂದೇ ಮಾರುತಿ 800ನ್ನು ಹದಿನೆಂಟು ವರ್ಷ ಓಡಿಸಿದವರು ಅವರು. ಕಾರು ನಮ್ಮದಲ್ಲ, ಮೈಲಿ ಎಣಿಸುತ್ತಾರೆ ಅಂತ ಅವರಿಗೆ ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಇಷ್ಟೆಲ್ಲ ಮಾಡಿದರೂ ಓಡೋಮೀಟರ್ 41,620ಕ್ಕೆ ಬಂತು. 11,620 ಮೈಲಿ ಹೆಚ್ಚು, ಮೈಲಿಗೆ 25 ಸೆಂಟ್, ಅಂದರೆ 2,905 ಡಾಲರ್. ಡಿಸ್ಪೊಸಿಷನ್ ಫೀ ಸೇರಿ 3,300. ಕೊಂಡರೆ ಇವೆರಡೂ ಇಲ್ಲ. ರೆಸಿಡ್ಯುಯಲ್, ಅಂದರೆ ಕರಾರಿನಲ್ಲಿ ಮೊದಲೇ ಬರೆದ ಕೊನೆಯ ಬೆಲೆ, 18,240 ಡಾಲರ್. ಅಷ್ಟೇ ಓಡಿದ ಅದೇ ಕಾರು ಹೊರಗೆ 20,000ದ ಮೇಲಿತ್ತು. "ರೀ, ಇದನ್ನ ಕೊಟ್ಟುಬಿಟ್ರೆ ದಂಡನೂ ಕಟ್ಟಿ ಮತ್ತೆ ಹೊಸ ಕಂತು ಶುರು ಮಾಡ್ಬೇಕು ಅಲ್ವಾ?" ಅಂದಳು ಹೆಂಡತಿ. ಅಲ್ಲಿಗೆ ತೀರ್ಮಾನವಾಯಿತು.

ತೀರ್ಮಾನ ಸುಲಭ, ಕೊಳ್ಳುವುದು ಸುಲಭವಾಗಿರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ಸೋತು ಕಾರು ಕೊಟ್ಟುಬಿಡುತ್ತಾರೆ.

ಮೊದಲು ಡೀಲರ್ ಹತ್ತಿರ ಹೋದೆ. ಅವರು ಕೊಟ್ಟ ಹಾಳೆಯಲ್ಲಿ 18,240ರ ಕೆಳಗೆ ತಪಾಸಣೆ ಮತ್ತು ಸರ್ಟಿಫಿಕೇಶನ್ ಅಂತ 1,395 ಡಾಲರ್ ಇತ್ತು. ಮೂರು ವರ್ಷ ನಾನೇ ಓಡಿಸಿದ ಕಾರು, ಅವರಲ್ಲೇ ಸರ್ವಿಸ್ ಆದ ಕಾರು. ಅದನ್ನು ನನಗೇ ಮಾರಲು ತಪಾಸಣೆ ಯಾಕೆ ಅಂದೆ. ಅದು ನಿಯಮ ಅಂದರು. ಕರಾರು ತೆಗೆದು ತೋರಿಸಿ, ಇದರಲ್ಲಿ ಎಲ್ಲಿದೆ ಅಂದೆ. ಮ್ಯಾನೇಜರ್ ಬರುತ್ತಾರೆ ಅಂದರು. ನಲವತ್ತು ನಿಮಿಷ ಕಾದು ಎದ್ದು ಬಂದೆ.

ಲೀಸ್ ಮುಗಿಯುವವರೆಗೆ ಕಾರಿನ ಮಾಲೀಕರು ಲೀಸ್ ಕಂಪನಿಯವರು. ಅವರಿಗೇ ಫೋನ್ ಮಾಡಿದೆ. ಮೊದಲ ಎರಡು ಸಲ ಮಾತಾಡಿದವರು ಡೀಲರ್ ಮೂಲಕವೇ ಕೊಳ್ಳಬೇಕು ಅಂದರು. ಮೂರನೇ ಸಲ ಮಾತಾಡಿದಾಕೆ ಮಾತ್ರ, ನೇರವಾಗಿ ಕೊಳ್ಳಬಹುದು, ಕಾಗದಪತ್ರ ಕಳಿಸುತ್ತೇನೆ ಅಂದರು. ಕಳಿಸಿದರು ಕೂಡ. ಅದರಲ್ಲಿ ಓಡೋಮೀಟರ್ ಎಷ್ಟು ಅಂತ ಬರೆದು ಪೆನ್ನಿನಲ್ಲಿ ಸಹಿ ಹಾಕುವ ಒಂದು ಫಾರಂ. ಅಡುಗೆಮನೆ ಕಟ್ಟೆಯ ಮೇಲಿಟ್ಟು ಬರೆಯುವಾಗ 6ರ ಜಾಗದಲ್ಲಿ 5 ಬರೆದೆ. ಅದರ ಮೇಲೆಯೇ ತಿದ್ದಿ 6 ಮಾಡಿದೆ. ಒಂಬತ್ತು ದಿನದ ಮೇಲೆ ಫಾರಂ ವಾಪಸ್ ಬಂತು. ಓಡೋಮೀಟರ್ ಅಂಕಿಯ ಮೇಲೆ ತಿದ್ದಿದ್ದರೆ ಒಪ್ಪುವುದಿಲ್ಲವಂತೆ. ಹೊಸ ಫಾರಂ ತರಿಸಿ, ಬರೆದು, ಕಳಿಸುವಷ್ಟರಲ್ಲಿ ಲೀಸಿನ ಕೊನೆ ದಿನ ದಾಟಿತ್ತು. ಒಂದು ತಿಂಗಳು ಮುಂದುವರಿಸಿದರು. ಆ ತಿಂಗಳ ಕಂತು 329 ಡಾಲರ್ ನಾನೇ ಕಟ್ಟಿದೆ.

ಹಾಗಾಗಿ ಕೊಳ್ಳುವ ಯೋಚನೆ ಇದ್ದರೆ ಎರಡು ತಿಂಗಳು ಮೊದಲೇ ಶುರು ಮಾಡಿ. ಬರೀ ಫೋನಿನ ಮಾತು ನಂಬಬೇಡಿ, ಪೇಆಫ್ ಮೊತ್ತವನ್ನು, ಅಂದರೆ ಕಾರು ಕೊಳ್ಳಲು ಒಟ್ಟು ಎಷ್ಟು ಕಟ್ಟಬೇಕು ಅನ್ನುವುದನ್ನು, ಬರವಣಿಗೆಯಲ್ಲಿ ತರಿಸಿಕೊಳ್ಳಿ. ಅಂಕಿ ತಪ್ಪಿದರೆ ತಿದ್ದಬೇಡಿ, ಹೊಸ ಫಾರಂ ಕೇಳಿ.

ಮಾರಾಟ ತೆರಿಗೆ ಬೇರೆ ಇದೆ. ಟ್ರೇಸಿಯಲ್ಲಿ ಶೇಕಡ 8.25, ಅಂದರೆ ನನಗೆ 1,505 ಡಾಲರ್. ಇದನ್ನು ಲೆಕ್ಕಕ್ಕೆ ಹಿಡಿಯದೆ ಹೋಲಿಸಬೇಡಿ. ಕಾರು ಕೊಳ್ಳಲು ಬೇಕಾದ ಸಾಲವನ್ನು ಡೀಲರ್ ಹತ್ತಿರ ಮಾಡದೆ ಕ್ರೆಡಿಟ್ ಯೂನಿಯನ್ನಿನಲ್ಲಿ (ನಮ್ಮ ಸಹಕಾರಿ ಬ್ಯಾಂಕಿನಂಥದ್ದು) ಮಾಡಿದೆ, ಟೈಟಲ್, ಅಂದರೆ ಮಾಲೀಕತ್ವದ ಪತ್ರದ ಕೆಲಸ ಅವರೇ ನೋಡಿಕೊಂಡರು.

ಎಲ್ಲ ಕಾರಿಗೂ ಇದೇ ಉತ್ತರವಲ್ಲ. ನನ್ನ ಸಹೋದ್ಯೋಗಿಯೊಬ್ಬರ ಎಲೆಕ್ಟ್ರಿಕ್ ಕಾರಿನ ರೆಸಿಡ್ಯುಯಲ್ ಹೊರಗಿನ ಬೆಲೆಗಿಂತ ಸಾವಿರಾರು ಡಾಲರ್ ಮೇಲಿತ್ತು. ಹಳೇ ಎಲೆಕ್ಟ್ರಿಕ್ ಕಾರುಗಳ ಬೆಲೆ ಅಷ್ಟು ಬಿದ್ದಿತ್ತು. ಅವರು ದಂಡ ಕಟ್ಟಿ ವಾಪಸ್ ಕೊಟ್ಟರು, ಅದೇ ಸರಿ. ಮೂರು ವರ್ಷಕ್ಕೊಮ್ಮೆ ಹೊಸ ಕಾರು ಬೇಕೇ ಬೇಕು ಅನ್ನುವವರು ಮೊದಲೇ ಹೆಚ್ಚಿನ ಮೈಲಿಯ ಲೀಸ್ ತೆಗೆದುಕೊಳ್ಳಲಿ. ಬೇರೆ ಡೀಲರ್‌ಗೆ ಮಾರಿ ಲಾಭ ಮಾಡೋಣ ಅಂದರೆ, ಈಗ ಎಷ್ಟೋ ಲೀಸ್ ಕಂಪನಿಗಳು ಅದಕ್ಕೆ ಬಿಡುವುದಿಲ್ಲ. ನನ್ನದೂ ಬಿಡಲಿಲ್ಲ.

ಇನ್ನು ಮೇಲೆ ನಮ್ಮದು ಒಂದು ಕಾರನ್ನು ಹತ್ತು ವರ್ಷ ಇಟ್ಟುಕೊಳ್ಳುವ ಮನೆ. ತಿಂಗಳಿಗೆ 350 ಡಾಲರ್ ಮೀರಿ ಕಾರಿಗೆ ಹಾಕಲು ಮನಸ್ಸಿಲ್ಲ. ಈಗಿನ ಸಾಲದ ಕಂತು ಅದರೊಳಗೇ ಇದೆ. ಎಸ್‌ಯುವಿ 60,000 ಮೈಲಿ ದಾಟಿದೆ. ಅಪ್ಪ ಅಮ್ಮ ಮತ್ತೆ ಬಂದಿದ್ದಾರೆ. ಹೋದ ಶನಿವಾರ ಅದರಲ್ಲೇ ಯೊಸೆಮಿಟಿಗೆ ಹೋಗಿ ಬಂದೆವು. ಬರುವಾಗ ಅಪ್ಪ ಇನ್ನೊಂದು ದಾರಿ ನೋಡೋಣ ಅಂದರು. ಸುತ್ತು ಹಾಕಿಕೊಂಡೇ ಬಂದೆವು.